ಮೇಷ್ಟ್ರು ಹಾಕದ ಸಹಿ

ಇದು ನಡೆದದ್ದು 2023ರ ಕಾರ್ತಿಕ ಮಾಸದಲ್ಲಿ. ಮೂಗೂರಿನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಅವನ ಸೊಸೆ ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಒಂದು ಕವರು ಎಳೆದಳು.

"ಅತ್ತೆ, ನಿಮ್ಗೊಂದು ಇಂಗ್ಲಿಷ್ ಕಾಗ್ದ ಬಂದಿತ್ತು. ನೀವ್ ಬಂದಾಗ ಕೊಟ್ರಾಯ್ತು ಅಂತ ಮಡಗಿದ್ದೆ."

ಕವರು ಬಂದು ಮೂರು ತಿಂಗಳಾಗಿತ್ತು. ತಪ್ಪು ಅವಳದಲ್ಲ. ತಿ. ನರಸೀಪುರದಲ್ಲಿ ಮನೆ ಮಾಡಿ ಎರಡು ವರ್ಷವಾದರೂ ಇಂಗ್ಲೆಂಡಿನ ಪಿಂಚಣಿ ಕಚೇರಿಗೆ ಹೊಸ ವಿಳಾಸ ತಿಳಿಸದೆ ಕೂತವಳು ನಾನು.

ನಾನು ನರ್ಸ್. ನಮ್ಮ ಮನೆಯಲ್ಲಿ, ನಮ್ಮ ಕೇರಿಯಲ್ಲಿಯೇ, ಮೊದಲು ಡಿಗ್ರಿ ಓದಿದವಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದಕ್ಕಾಗಿ ಪಟ್ಟ ಪಾಡು ನನಗೆ ಗೊತ್ತು. ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು, ನಲವತ್ತಾರನೇ ವಯಸ್ಸಿನಲ್ಲಿ ಅದನ್ನು ಬಿಟ್ಟು ಇಂಗ್ಲೆಂಡಿನ ಆಸ್ಪತ್ರೆಗೆ ಹೋದೆ. "ಕೈಲಿದ್ದ ಪಿಂಚಣಿ ಕೆಲ್ಸ ಬಿಟ್ಟು ಓಯ್ತಾವ್ಳಲ್ಲ, ಇವ್ಳಿಗೇನ್ ತಲೆ ಕೆಟ್ಟೈತಾ" ಎಂದು ನೆಂಟರೇ ಅಂದರು. ಮದುವೆಯಾಗಲಿಲ್ಲ. ದುಡಿದದ್ದರಲ್ಲಿ ತಮ್ಮನ ಮಕ್ಕಳನ್ನು ಓದಿಸಿದೆ, ಒಂದು ಸಣ್ಣ ಮನೆ ಕಟ್ಟಿದೆ. ನಿವೃತ್ತಿಯಾಗಿ ವಾಪಸು ಬಂದ ಮೇಲೆ ಆ ದೇಶ ಕೊಡುವ ಪಿಂಚಣಿಯೇ ನನಗೆ ಊರುಗೋಲು. ಅಲ್ಲೇ ಇದ್ದವರಿಗೆ ಅದು ವರ್ಷ ವರ್ಷ ಏರುತ್ತದೆ, ಇಲ್ಲಿಗೆ ಬಂದವರಿಗೆ ಏರುವುದಿಲ್ಲ. ಆದರೂ ಯಾರ ಮುಂದೆಯೂ ಕೈ ಚಾಚದೆ ಬದುಕಲು ಸಾಕು.

ಕಾಗದದಲ್ಲಿದ್ದದ್ದು ಇಷ್ಟೆ. ನೀವು ಇನ್ನೂ ಬದುಕಿದ್ದೀರಿ ಎಂದು ಒಬ್ಬ ಸಾಕ್ಷಿಯ ಎದುರು ಸಹಿ ಮಾಡಿ ಕಳಿಸಿ. ಕೊಟ್ಟ ದಿನದೊಳಗೆ ಬರದಿದ್ದರೆ ಪಿಂಚಣಿ ನಿಲ್ಲುತ್ತದೆ. ಆ ದಿನಕ್ಕೆ ಉಳಿದಿದ್ದದ್ದು ಎರಡು ವಾರ. ಕಾಗದ ಅಷ್ಟು ದೂರ ಹೋಗಿ ಸೇರಬೇಕೆಂದರೆ ನನ್ನ ಕೈಯಲ್ಲಿದ್ದದ್ದು ನಾಲ್ಕೈದು ದಿನ. ಸಾಕ್ಷಿ ಹಾಕುವವರು ಡಾಕ್ಟರೋ, ಮೇಷ್ಟ್ರೋ, ವಕೀಲರೋ, ಬ್ಯಾಂಕಿನವರೋ ಆಗಿರಬೇಕು. ನನ್ನನ್ನು ಬಲ್ಲವರಾಗಿರಬೇಕು. ಸಂಬಂಧಿಕರಾಗಿರಬಾರದು.

ಮೊದಲು ಬ್ಯಾಂಕಿಗೆ ಹೋದೆ. ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿದರು. "ಮೇಡಂ, ನಿಮ್ಮನ್ನ ನೋಡಿದೀನಿ, ಆದ್ರೆ ಫಾರಿನ್ ಕಾಗದಕ್ಕೆ ನಮ್ಮ ಸೀಲ್ ಹಾಕ್ಬೇಕಂದ್ರೆ ಮೇಲಿನವರ ಪರ್ಮಿಶನ್ ಬೇಕು" ಎಂದರು. ನಾನು ಬಿ.ಪಿ. ತೋರಿಸುತ್ತಿದ್ದ ಡಾಕ್ಟರಿಗೆ ವರ್ಗವಾಗಿತ್ತು. ಹೊಸಬರು, "ನಾನು ಬಂದು ಹದಿನೈದು ದಿನ ಆಯ್ತಮ್ಮ. ನಿಮ್ಮನ್ನ ಬಲ್ಲೆ ಅಂತ ಹೆಂಗೆ ಬರೀಲಿ" ಎಂದರು. ಅವರ ಮಾತೂ ನ್ಯಾಯವೇ.

ಬಸ್ ಸ್ಟ್ಯಾಂಡಿನ ಹತ್ತಿರ ಅರ್ಜಿ ಬರೆದುಕೊಡುವವನೊಬ್ಬ ಮಾತ್ರ ಧೈರ್ಯ ಹೇಳಿದ.

"ಐನೂರು ಕೊಡಿ ಅಕ್ಕ, ಬರಸಿ ಸೀಲ್ ಹಾಕ್ಸಿ ಇಟ್ಟಿರ್ತೀನಿ. ನೀವು ಬರೋದೇ ಬೇಡ."

"ನಾನು ಬರದೇ ಇದ್ರೆ ಬದುಕಿದೀನಿ ಅಂತ ಹೆಂಗಪ್ಪ ಗೊತ್ತಾಯ್ತದೆ?"

"ಅಯ್ಯೋ, ಸತ್ತೋರ್ಗೂ ಮಾಡಿಸ್ಕೊಟ್ಟೀವ್ನಿ ಕಣಕ್ಕ, ನಿಮ್ದೇನು."

ಅಲ್ಲಿಂದ ಎದ್ದು ಬಂದೆ. ಆಗ ನೆನಪಾದವರು ಮಹದೇವಪ್ಪ ಮೇಷ್ಟ್ರು. ಹೈಸ್ಕೂಲು ಹೆಡ್ ಮಾಸ್ಟರಾಗಿ ನಿವೃತ್ತರಾಗಿ ನಂಜನಗೂಡಿನಲ್ಲಿ ಮನೆ ಮಾಡಿಕೊಂಡಿದ್ದರು. ಅವರನ್ನು ನಾನು ಅಣ್ಣ ಎನ್ನುತ್ತೇನೆ. ಊರುಗಳಲ್ಲಿ ಹಾಗೆಯೇ ಅಲ್ಲವೇ, ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಿರುತ್ತಾರೆ.

ಅವರು ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಅವರದು ಮೂಗೂರಿನ ಮಠದ ಬೀದಿ, ನಮ್ಮದು ಊರಾಚೆಯ ಕೇರಿ. ನಮ್ಮವ್ವ ಅವರ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಪುಸ್ತಕವಿರಲಿಲ್ಲ. ಅವರ ಮನೆಯ ಜಗಲಿಯನ್ನು ನಾನು ಹತ್ತುವಂತಿರಲಿಲ್ಲ. ಅದಕ್ಕೆ ಆ ಹುಡುಗ ಸಂಜೆ ಜಗಲಿಯ ಅಂಚಿಗೆ ಬಂದು ಕೂತು, ತಾನು ಆಗಲೇ ಪಾಸು ಮಾಡಿದ ತರಗತಿಯ ಪಾಠಗಳನ್ನು ಗಂಟಲೆತ್ತಿ ಓದುತ್ತಿದ್ದ, ಎಲ್ಲಿ ಪೂರ್ಣವಿರಾಮ ಎಂಬುದನ್ನೂ ಸೇರಿಸಿ. ಅಂಗಳದ ಹುಣಸೆ ಮರದ ಕೆಳಗೆ ಕೂತು ನಾನು ಬರೆದುಕೊಳ್ಳುತ್ತಿದ್ದೆ. ಅವರ ತಾಯಿ ಗೌರಮ್ಮನವರು ನೋಡಿಯೂ ನೋಡದವರಂತೆ ಒಳಗೆ ಹೋಗಿಬಿಡುತ್ತಿದ್ದರು.

ಮಾರನೆಯ ಬೆಳಿಗ್ಗೆ ನಂಜನಗೂಡಿನ ಬಸ್ಸು ಹತ್ತಿದೆ. ಮೇಷ್ಟ್ರು ಬಾಗಿಲಲ್ಲೇ ಪೇಪರು ಓದುತ್ತಿದ್ದರು. "ಏನ್ ತಂಗಿ, ಹೇಳದೆ ಕೇಳದೆ? ಬಾ ಒಳಕ್ಕೆ" ಎಂದರು. ನಾನು ಕಾಗದ ಕೊಟ್ಟು ವಿಷಯ ಹೇಳಿದೆ. "ಅಷ್ಟೇ ತಾನೆ, ತತ್ತಾ" ಎಂದು ಕನ್ನಡಕ ಏರಿಸಿ, ಶರ್ಟಿನ ಜೇಬಿನಿಂದ ಪೆನ್ನು ತೆಗೆದರು. ಉತ್ತರ ಪತ್ರಿಕೆ ತಿದ್ದುವವರಂತೆ ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಸಾಕ್ಷಿಯವರ ಭಾಗಕ್ಕೆ ಬಂದಾಗ ಬೆರಳು ನಿಂತಿತು. ಈ ವ್ಯಕ್ತಿ ನನ್ನ ಸಂಬಂಧಿಕರಲ್ಲ ಎಂದು ಅಲ್ಲಿ ಅಚ್ಚಾಗಿತ್ತು. ಪೆನ್ನಿಗೆ ಮುಚ್ಚಳ ಹಾಕಿದರು.

"ಇದ್ಕೆ ನಾನು ಸೈನ್ ಹಾಕಕ್ಕಾಗಲ್ಲ ಕಣವ್ವ."

"ಯಾಕಣ್ಣ?"

"ಆಗಲ್ಲ ಅಂದ್ರೆ ಆಗಲ್ಲ." ಅಷ್ಟು ಹೇಳಿ ಎದ್ದು ಒಳಗೆ ಹೋದರು.

ನನಗೆ ಮುಖಕ್ಕೆ ಹೊಡೆದಂತಾಯಿತು. ನಾನು ಎಷ್ಟು ಓದಿದರೇನು, ಯಾವ ದೇಶಕ್ಕೆ ಹೋಗಿ ಬಂದರೇನು, ನನ್ನ ಹೆಸರಿನ ಪಕ್ಕ ತಮ್ಮ ಹೆಸರು ಬರೆಯಲು ಇವರಿಗೂ ಮನಸ್ಸಿಲ್ಲ ಅಂದುಕೊಂಡೆ. ಅರವತ್ತು ವರ್ಷದ ಹಿಂದಿನ ಆ ಜಗಲಿ ಕಣ್ಣ ಮುಂದೆ ಬಂತು. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಕುರ್ಚಿಯಿಂದ ಎದ್ದೆ. ಕಾಫಿ ತಂದ ಅವರ ಹೆಂಡತಿ, "ಎಲ್ಲಿಗ್ ಹೊಂಟೆ? ಕೂತ್ಕೋ" ಎಂದರು.

"ಬಸ್ಸಿಗೆ ಹೊತ್ತಾಯ್ತು ಅತ್ತಿಗೆ."

ಅಷ್ಟರಲ್ಲಿ ಮೇಷ್ಟ್ರು ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಅದರೊಳಗಿನ ಹಳೆಯ ಕಾಗದಗಳನ್ನು ಕೆದಕಿ ಒಂದು ಕಾರ್ಡು ತೆಗೆದು ನನ್ನ ಕೈಗಿಟ್ಟರು. "ಓದು. ಕೆಳಗಿನ್ ಸಾಲು."

ಅದು ಗೌರಮ್ಮನವರು ತೀರಿಕೊಂಡಾಗ ಮಾಡಿಸಿದ್ದ ಶಿವಗಣಾರಾಧನೆಯ ಕಾರ್ಡು. ಕೆಳಗೆ ಮಗ, ಸೊಸೆಯ ಹೆಸರು. ಆಮೇಲೆ ಹೆಣ್ಣುಮಕ್ಕಳು: ಶಿವಮ್ಮ, ಪಾರ್ವತಮ್ಮ, ರತ್ನಮ್ಮ, ಇಂಗ್ಲೆಂಡ್.

ರತ್ನಮ್ಮ ನಾನು.

ಹದಿನಾಲ್ಕು ವರ್ಷದ ಹಿಂದೆ ನಾನು ರಜೆಗೆ ಬಂದಿದ್ದಾಗ ಗೌರಮ್ಮನವರು ಹಾಸಿಗೆ ಹಿಡಿದಿದ್ದರು. ಮಲಗಿ ಮಲಗಿ ಬೆನ್ನೆಲ್ಲ ಹುಣ್ಣಾಗಿತ್ತು. ಹದಿನೆಂಟು ದಿನ ಮೂಗೂರಿನ ಆ ಮನೆಯ ಒಳಕೋಣೆಯಲ್ಲಿದ್ದು ಹುಣ್ಣು ತೊಳೆದೆ, ಗಂಜಿ ಕುಡಿಸಿದೆ. ನನಗದು ಕಸುಬು, ದೊಡ್ಡದೆಂದು ಅನ್ನಿಸಿರಲಿಲ್ಲ. ನಾನು ವಿಮಾನ ಹತ್ತಿದ ನಾಲ್ಕನೇ ದಿನ ಅವರು ಹೋದರೆಂದು ಫೋನ್ ಬಂತು. ಕಾರ್ಡಿನ ಸುದ್ದಿಯನ್ನು ಯಾರೂ ಹೇಳಿರಲಿಲ್ಲ.

"ಇದ್ನ ಬರ್ದುಕೊಟ್ಟೋನು ನಾನೇ" ಎಂದರು ಮೇಷ್ಟ್ರು. "ಇಲ್ಲಿ ನಮ್ಮವ್ವನ ಮಗಳು ಅಂತ ಅಚ್ಚು ಹಾಕ್ಸಿ, ಅಲ್ಲಿ ಸಂಬಂಧ ಇಲ್ಲ ಅಂತ ಸೈನ್ ಹಾಕ್ಲಾ? ಯಾವ್ದು ಸುಳ್ಳಾಗ್ಬೇಕು, ನೀನೇ ಹೇಳು."

ಅತ್ತಿಗೆ ನಕ್ಕರು. "ಈ ಕಾರ್ಡು ನೋಡಿ ದಾಯಾದಿಗಳೆಲ್ಲ ಊಟಕ್ಕೆ ಬರಲ್ಲ ಅಂದ್ರು. ಬರದೇ ಇದ್ರೆ ಪಾಯಸ ಉಳೀತದೆ ಬಿಡ್ರಪ್ಪ ಅಂದ್ರು ನಿಮ್ಮಣ್ಣ. ಕೊನೆಗೆ ಎಲ್ಲಾ ಬಂದು ಎರಡೆರಡು ಸಲ ಹಾಕಿಸ್ಕೊಂಡು ಉಂಡ್ರು."

"ನನ್ಗ್ಯಾಕೆ ಹೇಳ್ಲಿಲ್ಲ ಅಣ್ಣ?"

"ಏನಂತ ಹೇಳೋದು? ನೀನು ನನ್ ತಂಗಿ ಅಂತ ತಂಗಿಗೆ ಯಾರಾದ್ರೂ ಕಾಗ್ದ ಬರೀತಾರಾ?"

ಮತ್ತೆ ಕುರ್ಚಿಯಲ್ಲಿ ಕೂತು ತಣ್ಣಗಾದ ಕಾಫಿ ಕುಡಿದೆ. ಲೋಟ ಕೆಳಗಿಟ್ಟು, "ಅವರು ಕೇಳೋದು ಒಡಹುಟ್ಟಿದವರ ವಿಷಯ ಅಣ್ಣ" ಎಂದು ಮೆಲ್ಲಗೆ ಹೇಳಿ ನೋಡಿದೆ.

"ಒಡಹುಟ್ಟಿದ್ದು ಅಂತ ಎಲ್ಲಿ ಬರ್ದವ್ರೆ, ತೋರ್ಸು."

ಎಲ್ಲಿಯೂ ಬರೆದಿರಲಿಲ್ಲ.

"ಬಿಡವ್ವ" ಎಂದರು ಅತ್ತಿಗೆ, "ಸ್ವಂತ ಮಗನ ಹಾಜರಿ ಸಾಲ್ದು ಅಂತ ಪರೀಕ್ಷೆಗೆ ಕೂರಿಸ್ದೇ ಇದ್ದೋರು ಇವ್ರು. ನಿನ್ ಪಿಂಚಣಿಗೆ ಸುಳ್ಳು ಬರೀತಾರಾ?"

"ಪಿಂಚಣಿ ಯಾಕ್ ನಿಲ್ತದೆ" ಎಂದರು ಮೇಷ್ಟ್ರು. "ನಿನ್ ಕೈಲಿ ಬೈಸ್ಕೊಂಡೋರು ಒಬ್ರು ಇದೇ ಊರಲ್ಲವ್ರೆ. ಎದ್ದೇಳು."

ಬಿಳಿ ಶರ್ಟು ಹಾಕಿಕೊಂಡು, ಹಳೆಯ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಒಂದು ಕ್ಲಿನಿಕ್ಕಿಗೆ ಕರೆದೊಯ್ದರು. ಒಳಗಿದ್ದ ಡಾಕ್ಟರಮ್ಮ ನನ್ನನ್ನು ಒಂದು ಕ್ಷಣ ನೋಡಿ ಎದ್ದು ನಿಂತರು. ಗೌರಮ್ಮನವರನ್ನು ನೋಡಲು ಮನೆಗೆ ಬರುತ್ತಿದ್ದ ಡಾಕ್ಟರು ಇವರೇ. ಆಗಿನ್ನೂ ಓದು ಮುಗಿಸಿದ ಹೊಸತು.

"ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು ಅಂತ ಯಾವ ಕಾಲೇಜಲ್ಲೂ ಹೇಳಿಕೊಡಲ್ವೇನಮ್ಮ ಅಂತ ಬೈದಿದ್ರಿ ಸಿಸ್ಟರ್. ಈಗ ನಮ್ಮ ನರ್ಸುಗಳಿಗೆ ಅದೇ ಮಾತಲ್ಲಿ ನಾನು ಬೈತೀನಿ."

ಕಾಗದ ಓದಿದರು. "ನಿಮಗೂ ನನಗೂ ಸಂಬಂಧ ಏನಿಲ್ಲ ಅಲ್ವಾ?"

"ಬೈಗುಳದ್ದು ಬಿಟ್ರೆ ಇಲ್ಲ" ಎಂದರು ಮೇಷ್ಟ್ರು.

ಸಹಿ ಹಾಕುವ ಮೊದಲು ಡಾಕ್ಟರಮ್ಮ ನನ್ನ ಕೈ ಹಿಡಿದು, ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷ ಸುಮ್ಮನೆ ನಿಂತರು. ಜೀವನವಿಡೀ ಇನ್ನೊಬ್ಬರ ನಾಡಿ ಎಣಿಸಿದವಳು ನಾನು. "ಎಪ್ಪತ್ತೆರಡು. ಬದುಕಿದೀರಿ" ಎಂದು ಹೇಳಿ ಸಹಿ ಮಾಡಿ ಸೀಲು ಒತ್ತಿದರು. ಫೀಸು ಎಷ್ಟೆಂದು ಕೇಳಿದ್ದಕ್ಕೆ, ಮತ್ತೆ ಬೈಯುತ್ತಿದ್ದೀರೇನು ಎಂಬಂತೆ ನೋಡಿದರು.

ಮಾರನೆಯ ದಿನ ಮೈಸೂರಿಗೆ ಹೋಗಿ ಕೊರಿಯರ್ ಮಾಡಿದೆ. ಜೊತೆಗೆ ಹೊಸ ವಿಳಾಸವನ್ನೂ ಬರೆದೆ. ಪಿಂಚಣಿ ನಿಲ್ಲಲಿಲ್ಲ.

ಆ ಕಾರ್ಡನ್ನು ಅಣ್ಣನಿಂದ ಕೇಳಿ ತಂದಿದ್ದೇನೆ. ನನ್ನ ಡಿಗ್ರಿ ಸರ್ಟಿಫಿಕೇಟು, ಪಿಂಚಣಿ ಕಾಗದಗಳಿರುವ ಫೈಲಿನಲ್ಲೇ ಅದೂ ಇದೆ. ಆವತ್ತು ಕುರ್ಚಿಯಿಂದ ಎದ್ದಾಗ ನಾನು ಅವರ ಬಗ್ಗೆ ಏನೆಂದುಕೊಂಡೆ ಎಂಬುದನ್ನು ಮಾತ್ರ ಅವರಿಗೆ ಇವತ್ತಿನವರೆಗೂ ಹೇಳಿಲ್ಲ. ಬಸ್ಸಿಗೆ ಹೊತ್ತಾಗಿತ್ತು ಎಂದೇ ಅವರು ನಂಬಿದ್ದಾರೆ. ಇದು ಅಚ್ಚಾಗುವ ಈ ಪತ್ರಿಕೆ ಅವರ ಮನೆಗೆ ಬರುತ್ತದೆ. ಕೆಂಪು ಪೆನ್ನು ಹಿಡಿದು, ತಪ್ಪು ಕಂಡಲ್ಲಿ ಗೆರೆ ಹಾಕುತ್ತಲೇ ಓದುವುದು ಅವರ ಅಭ್ಯಾಸ. ನಾನು ಹಾಗೆ ಅಂದುಕೊಂಡ ಆ ಸಾಲು ಮೇಲೆ ಇದೆ. ಅದಕ್ಕೊಂದು ಗೆರೆ ಹಾಕಿಬಿಡಲಿ.