ದಿನವೂ ತನ್ನ ಹೆಸರು ಅಳಿಸುವ ದ್ರಾಕ್ಷಾಯಿಣಿ

ಬೆಳಗಿನ ಆರೂವರೆ. ಹುಬ್ಬಳ್ಳಿಯ ಸಬ್ ರಜಿಸ್ಟ್ರಾರ್ ಕಚೇರಿಯೊಂದರ ಎದುರಿನ ಓಣಿಯಲ್ಲಿ ಚಹಾದ ಗಾಡಿ ಇನ್ನೂ ಬಂದಿಲ್ಲ. ದ್ರಾಕ್ಷಾಯಿಣಿ ಆಗಲೇ ತಮ್ಮ ತಗಡಿನ ಅಂಗಡಿಯ ಬಾಗಿಲು ತೆರೆದು, ಕಂಪ್ಯೂಟರಿನ ಧೂಳು ಒರೆಸಿ ಕೂತಿದ್ದಾರೆ. ಪರದೆಯ ಮೇಲೆ ಒಂದು ಬಕ್ಷೀಸ ಪತ್ರ, ಅಂದರೆ ದಾನಪತ್ರ, ತೆರೆದುಕೊಳ್ಳುತ್ತದೆ. ಅದರಲ್ಲಿ ಹನ್ನೊಂದು ಕಡೆ ಅವರದೇ ಹೆಸರಿದೆ. ಅದನ್ನು ಒಂದೊಂದಾಗಿ ಅಳಿಸಿ, ಆ ಜಾಗದಲ್ಲಿ ರಾಜೇಶ್ವರಿ ಎಂದು ಟೈಪ್ ಮಾಡುತ್ತಾರೆ. ಈ ರಾಜೇಶ್ವರಿಯ ಪರಿಚಯ ಅವರಿಗಿಲ್ಲ. ಹತ್ತೂವರೆಗೆ ದೇಶಪಾಂಡೆ ನಗರದಿಂದ ಗಂಡನ ಜೊತೆ ಬರಲಿರುವ ಹೆಣ್ಣುಮಗಳು, ಅಷ್ಟೆ.

ಒಂದೇ ಸಲಕ್ಕೆ ಹನ್ನೊಂದನ್ನೂ ಬದಲಿಸಬಹುದಲ್ಲ ಎಂದು, ಅವರ ಬಗ್ಗೆ ಬರೆಯಲು ಬಂದ ನಾನು ನನ್ನ ಜಾಣತನ ತೋರಿಸುತ್ತೇನೆ.

“ಗೊತ್ತೈತ್ರಿ. ಒಮ್ಮೆಲೆ ಹೋದ್ರ ಜೀವಕ್ಕ ಸಂಕಟ ಆಗತೈತಿ. ಒಂದೊಂದ ತಗದ್ರ ಅಷ್ಟ ಹೊತ್ತರ ಇರತೈತಿ” ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಊರಿನವರು ಇವರನ್ನು ಬಾಂಡ್ ರೈಟರ್ ಎನ್ನುತ್ತಾರೆ. ಖರೀದಿ, ಆಸ್ತಿ ಪಾಲು ಮಾಡುವ ವಾಟ್ನಿ, ಬಾಡಿಗೆ ಕರಾರು ಎಂದು ದಿನಕ್ಕೆ ಏಳೆಂಟು ಪತ್ರ ಬರೆಯುತ್ತಾರೆ. ಅದರಲ್ಲಿ ಒಂದಾದರೂ ಹೆಂಡತಿಯ ಹೆಸರು ಸೇರಿಸುವುದಿರುತ್ತದೆ. ಗಂಡ ತನ್ನ ಹೆಸರಿನ ಮನೆಯಲ್ಲಿ ಅರ್ಧ ಪಾಲನ್ನು ಹೆಂಡತಿಗೆ ಬಕ್ಷೀಸು ಕೊಟ್ಟಂತೆ ಪತ್ರವಾಗಬೇಕು, ಇಬ್ಬರು ಸಾಕ್ಷಿ ಹಾಕಬೇಕು, ನೋಂದಣಿಯಾಗಬೇಕು. ಆಮೇಲೆ ಮನೆಯ ಒಡೆತನ ತೋರಿಸುವ ಪಾಲಿಕೆಯ ಉತಾರದಲ್ಲಿ ಇಬ್ಬರ ಹೆಸರೂ ಬರುತ್ತದೆ. ಹದಿನಾರು ವರ್ಷದಲ್ಲಿ ಹೀಗೆ ಸಾವಿರಾರು ಹೆಂಡಂದಿರಿಗೆ ಮನೆ ಮಾಡಿಕೊಟ್ಟ ಈಕೆಯ ಸ್ವಂತ ಮನೆಯ ಉತಾರದಲ್ಲಿರುವುದು ಗಂಡ ಕಲ್ಲೇಶರ ಹೆಸರೊಂದೇ.

ಆ ಮನೆ ಎದ್ದು ಒಂಬತ್ತು ವರ್ಷ. ಉಪ್ಪಿನಬೆಟಗೇರಿಯ ತವರಿನವರು ಹಾಕಿದ್ದ ಬಳೆಗಳು ಅದರ ಅಡಿಪಾಯಕ್ಕೆ ಹೋದವು. ಗೋಡೆಗಳಿಗೆ ಬೆಳಿಗ್ಗೆ, ಸಂಜೆ ನೀರು ಹೊಡೆದದ್ದೂ ಇವರೇ. ಗೃಹಪ್ರವೇಶ ಮುಗಿದ ವಾರವೇ ತಮ್ಮ ಬಕ್ಷೀಸ ಪತ್ರವನ್ನು ತಾವೇ ಟೈಪ್ ಮಾಡಿದರು. ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುವ ಕಲ್ಲೇಶ ಅದನ್ನು ಪೂರ್ತಿ ಓದಿ, ನೋಡೋಣು ಎಂದರು. ಒಂಬತ್ತು ವರ್ಷದಿಂದ ನೋಡುತ್ತಲೇ ಇದ್ದಾರೆ. ಸಹಿಯಾಗದ ಆ ಪತ್ರ ಕಂಪ್ಯೂಟರಿನಲ್ಲಿ ಸುಮ್ಮನೆ ಯಾಕೆ ಕೊಳೆಯಬೇಕು? ಉಳಿದ ಹೆಂಗಸರ ಪತ್ರಕ್ಕೆಲ್ಲ ಅದೇ ನಮೂನೆಯಾಯಿತು.

ಕಲ್ಲೇಶ ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಮಧ್ಯಾಹ್ನದ ಬುತ್ತಿಯನ್ನು ತಾವೇ ತಂದು ಕೊಡುತ್ತಾರೆ. ಇಂಥ ಗಂಡನ ಜೊತೆ ಜಗಳ ತೆಗೆಯುವುದು ಎಷ್ಟು ಕಷ್ಟ ಎಂದು ತೆಗೆಯಲು ಹೋದವರಿಗೇ ಗೊತ್ತು. ನಾ ಎಲ್ಲಿ ಓಡಿಹೋಗ್ತೇನಿ ಎಂಬುದು ಅವರ ಉತ್ತರವಂತೆ. ಹೆಣ್ಣಿನ ಹೆಸರಿಗೆ ಮನೆಯಾದರೆ ಗಂಡಸಿನ ಮಾತಿಗೆ ತೂಕವಿರುವುದಿಲ್ಲ ಎಂದು ಅವರ ತಾಯಿ ಯಾವಾಗಲೋ ಹೇಳಿದ್ದು ಕಿವಿಯಲ್ಲೇ ಕೂತಿದೆ.

ಹೊಟ್ಟೆಕಿಚ್ಚಾಗುವುದಿಲ್ಲವೇ ಎಂದು ನಾನು ಅಳುಕುತ್ತಲೇ ಕೇಳುತ್ತೇನೆ. ಅವರಿಗೆ ಯಾವ ಅಳುಕೂ ಇಲ್ಲ.

“ಸುಳ್ಳ ಯಾಕ ಹೇಳ್ಲಿ, ಉರಿ ಬೀಳತೈತ್ರಿ. ಗಂಡ ಹೆಂಡ್ತಿ ಜೋಡಿ ಬಂದು ಈ ಬೆಂಚ ಮ್ಯಾಲೆ ಕುಂತ್ರಂದ್ರ ಮೊದಲ ಆಕಿ ಮಾರಿ ನೋಡ್ತೇನಿ. ಇಕಿದೇನ ಹೆಚ್ಚಿಂದೈತಿ ಅನಸ್ತೈತಿ. ಕೆಲವೊಬ್ಬಾಕಿಗೆ ಖುಷಿನೂ ಇರಂಗಿಲ್ರಿ, ಲಗೂ ಮಾಡ್ರಿ, ಸಂತಿಗೆ ಹೋಗೂದೈತಿ ಅಂತಾಳ. ಅಂಥಾಕಿ ಮ್ಯಾಲೆ ಭಾಳ ಸಿಟ್ಟ ಬರತೈತಿ.”

ನನ್ನ ಮನೆಯ ಉತಾರದಲ್ಲೂ ನನ್ನ ಹೆಸರಿಲ್ಲ. ಸಂಕಟವನ್ನು ಬಾಯಿಬಿಟ್ಟು ಹೇಳುವ ಈಕೆಯ ಧೈರ್ಯ ಕಂಡು, ಬರೆಯಲು ಬಂದ ನನಗೂ ಕರುಬು ಹುಟ್ಟುತ್ತದೆ. ಅದನ್ನು ಮುಚ್ಚಿಟ್ಟು ಚಹಾ ತರಿಸುತ್ತೇನೆ.

ಉರಿ ಎಷ್ಟೇ ಇರಲಿ, ಕೆಲಸದಲ್ಲಿ ಕೈ ತಪ್ಪಿದವರಲ್ಲ. ಮುದ್ರಿಸುವ ಮೊದಲು ಇಡೀ ಪತ್ರವನ್ನು ಹೆಂಡತಿಗೆ ಓದಿ ಹೇಳುವುದು ಇವರ ಪದ್ಧತಿ. ಗಂಡ ಅವಸರ ಮಾಡಿದರೂ ಬಿಡುವುದಿಲ್ಲ. ತಪ್ಪಿದ್ದು ಒಂದೇ ಸಲ, ಹೋದ ತಿಂಗಳು. ಗಾದಿ ಹೊಲಿಯುವ ಶಾಬುದ್ದೀನ ತಮ್ಮ ಮನೆಗೆ ಹೆಂಡತಿ ಶರೀಫಾಬಿಯ ಹೆಸರು ಸೇರಿಸಲು ಬಂದಿದ್ದರು. ನಲವತ್ತು ವರ್ಷದ ದಾಂಪತ್ಯ. ಯಾರೂ ಕೇಳದೆ, ಯಾರೂ ಹೇಳದೆ ಮುದುಕ ತಾನಾಗಿಯೇ ಹೆಂಡತಿಯನ್ನು ಕರೆತಂದಿದ್ದ. ಅದನ್ನು ಕಂಡೇ ದ್ರಾಕ್ಷಾಯಿಣಿಯ ಮನಸ್ಸು ಕೈಯಲ್ಲಿರಲಿಲ್ಲ. ಹತ್ತು ಕಡೆ ಹೆಸರು ಬದಲಿಸಿದರು, ಒಂದು ಕಡೆ ತಮ್ಮದೇ ಉಳಿಯಿತು. ಓದುತ್ತ ಓದುತ್ತ, ಶಾಬುದ್ದೀನರು ತಮ್ಮ ಮನೆಯ ಅರ್ಧ ಪಾಲನ್ನು ಪ್ರೀತಿಯಿಂದ ದ್ರಾಕ್ಷಾಯಿಣಿಗೆ ಕೊಟ್ಟಿರುತ್ತಾರೆ ಎಂದು ತಾವೇ ಓದಿಬಿಟ್ಟರು.

ಶರೀಫಾಬಿ ಗಂಡನ ಕಡೆ ತಿರುಗಿದರು. “ಯಾರ್ರಿ ಆಕಿ?”

ಮುದುಕನಿಗೆ ಬೆವರು ಕಿತ್ತುಕೊಂಡಿತು. ತನಗೆ ಆ ಹೆಸರಿನವರು ಯಾರೂ ಗೊತ್ತಿಲ್ಲ ಎಂದು ಅಲ್ಲಾನ ಆಣೆ ಹಾಕತೊಡಗಿದ. ಕೊನೆಗೆ ದ್ರಾಕ್ಷಾಯಿಣಿಯೇ ಅಳುತ್ತ ಇದ್ದದ್ದನ್ನೆಲ್ಲ ಹೇಳಿಕೊಂಡರು. ತಮ್ಮ ಪತ್ರದ ಮೇಲೆಯೇ ಎಲ್ಲರ ಪತ್ರ ಬರೆಯುವುದನ್ನು, ಶರೀಫಾಬಿಯನ್ನು ನೋಡಿ ಕರುಬಿದ್ದನ್ನೂ ಹೇಳಿದರು. ಶರೀಫಾಬಿ ಬೈಯಲಿಲ್ಲ. ಪತ್ರ ತಿದ್ದಿಸಿಕೊಂಡು, ನೋಂದಣಿ ಮುಗಿಸಿ, ಮನೆ ಎಲ್ಲಿ ಎಂದು ವಿಳಾಸ ಕೇಳಿಕೊಂಡು ಹೋದರು.

ಮುಂದಿನ ಭಾನುವಾರ ಆ ವಿಳಾಸಕ್ಕೇ ಬಂದರು. ಹಳೆಯ ಗಾದಿ ಇದ್ದರೆ ಹೊಲಿದು ಕೊಡುತ್ತೇವೆ ಎಂಬುದು ನೆಪ. ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಕಲ್ಲೇಶರಿಗೆ ಮೆಲ್ಲಗೆ ಹೇಳಿದರಂತೆ: “ನಿನ್ನ ಹೆಂಡ್ತಿ ಹೆಸರು ನನ್ನ ಗಂಡನ ಹೆಸರಿನ ಬಾಜೂಕ ಬಂದ ಕುಂತಿತ್ತಪಾ. ನಿನ್ನ ಮನ್ಯಾಗ ಜಾಗಾ ಸಿಗವಲ್ದಂತ. ಸಾಕ್ಷಿ ಬೇಕಂದ್ರ ನಾ ಹಾಕ್ತೇನಿ.”

ಕಲ್ಲೇಶ ಅವತ್ತು ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು. ಒಂಬತ್ತು ವರ್ಷದ ನ್ಯಾಯದ ಮಾತಿಗೆ ಅಲುಗದವರನ್ನು ಗಾದಿ ಹೊಲಿಯುವ ಮುದುಕನ ಹೆಸರು ಅಲುಗಿಸಿತು ಎಂದು ಹೇಳುವಾಗ ದ್ರಾಕ್ಷಾಯಿಣಿಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಆದರೆ ಅದಾಗಿ ಮೂರು ವಾರ ಕಳೆದರೂ ಕಲ್ಲೇಶ ಹೌದೆಂದೂ ಇಲ್ಲವೆಂದೂ ಅಂದಿಲ್ಲ.

ರಾಜೇಶ್ವರಿ ಬಂದು ಪತ್ರ ಮಾಡಿಸಿಕೊಂಡು ಹೋಗಿ, ನಾವು ಮಾತಾಡುತ್ತಿರುವಾಗಲೇ ಮಧ್ಯಾಹ್ನ ಒಂದಾಗುತ್ತದೆ. ಕಲ್ಲೇಶ ಬುತ್ತಿ ಹಿಡಿದು ಬರುತ್ತಾರೆ. ನನ್ನನ್ನು ನೋಡಿ ಸಂಕೋಚಪಟ್ಟು, ಅಂಗಿಯ ಜೇಬಿನಿಂದ ಪತ್ರಕ್ಕೆ ಅಂಟಿಸುವ ತಮ್ಮ ಎರಡು ಫೋಟೋ ತೆಗೆದು ಮೇಜಿನ ಮೇಲಿಡುತ್ತಾರೆ.

“ಸೋಮವಾರ ರಜಾ ಹಾಕೇನಿ. ಆ ಅಮ್ಮಾರಿಗೆ ಬರಾಕ ಹೇಳು. ಇನ್ನೊಂದ ಸಾಕ್ಷಿಗೆ ನಮ್ಮ ಕಾರ್ಖಾನಿ ನೀಲಪ್ಪ ಬರತಾನ.”

ಅಷ್ಟು ಹೇಳಿ ಹೊರಟೇಬಿಡುತ್ತಾರೆ. ದ್ರಾಕ್ಷಾಯಿಣಿ ಫೋಟೋಗಳನ್ನು ಕಂಪಾಸ್ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಮತ್ತೆ ತೆರೆದು ಒಮ್ಮೆ ನೋಡುತ್ತಾರೆ. ಹೆಬ್ಬೆಟ್ಟು ಬೀಳುವ ತನಕ ನಂಬುವುದಿಲ್ಲ ಎನ್ನುತ್ತಾರೆ. ಎಷ್ಟೋ ಗಂಡಸರು ಆ ಕಚೇರಿಯ ಮೆಟ್ಟಿಲಿನಿಂದ ತಿರುಗಿ ಹೋದದ್ದನ್ನು ಕಂಡವರು.

ಹೆಸರು ಬಂದುಬಿಟ್ಟರೆ ಇನ್ನೇನು ಆಸೆ ಎಂದು ನಾನು ಕೇಳುತ್ತೇನೆ. ಹೊರಗೆ ಬಿಸಿಲಲ್ಲಿ ಪಾಳಿ ಕಾಯುತ್ತಿರುವ ಹೆಂಗಸರನ್ನು ಅವರು ಒಬ್ಬೊಬ್ಬರನ್ನಾಗಿ ನೋಡುತ್ತಾರೆ.

“ದೊಡ್ಡದೇನಿಲ್ರಿ. ಸೋಮವಾರ ನಾ ಕಚೇರಿಯಿಂದ ಇಳದ ಬರೂಮುಂದ, ಇವರೊಳಗ ಯಾರರ ಒಬ್ಬಾಕಿ ನನ್ನ ನೋಡಿ ಹೊಟ್ಟಿಕಿಚ್ಚ ಪಡಬೇಕು. ಒಬ್ಬಾಕಿ ಸಾಕು.”