ಬಲಗಡೆಯ ಮುಂದಿನ ಟೈರು

ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಮುದ್ದು ಮಾಡುವುದು ಬೇಡ. ಡಾಯ್ಲ್ ಹಗಿನ್ಸ್‌ಗೆ ಇದ್ದದ್ದು ಅಪ್ಪಟ ಹೊಟ್ಟೆಕಿಚ್ಚು. ಉತ್ತರ ಕೆರೊಲಿನಾದ ಸ್ಯಾಂಡಿ ಫೋರ್ಕ್ ಊರಿನಲ್ಲಿ ಅವನನ್ನು ಹತ್ತಿರದಿಂದ ಬಲ್ಲವರಿಗೆಲ್ಲ ಅದು ಗೊತ್ತಿತ್ತು. ಹೆಂಡತಿ ನೋರೀನ್‌ಗಂತೂ ಅವನಿಗಿಂತ ಮೊದಲೇ ಗೊತ್ತಾಗಿತ್ತು. ಭಾನುವಾರ ಚರ್ಚಿನಿಂದ ಬಂದು ಟಿವಿ ಮುಂದೆ ಕೂತು, ಅವನ ರೇಸಿನ ವಿವರಣೆ ಕೇಳಿ ಬಿದ್ದು ಬಿದ್ದು ನಗುವ ಜನಕ್ಕೆ ಮಾತ್ರ ಗೊತ್ತಿರಲಿಲ್ಲ.

ಅವನೇನು ಸುಮ್ಮನೆ ಮಾತು ಕಲಿತು ಟಿವಿಗೆ ಬಂದವನಲ್ಲ. ಅಪ್ಪನ ಗ್ಯಾರೇಜಿನ ಎಣ್ಣೆ ಮಸಿಯಲ್ಲಿ ಬೆಳೆದು, ಕೆಂಪು ಮಣ್ಣಿನ ಟ್ರ್ಯಾಕುಗಳಲ್ಲಿ ಕಾರು ಗುದ್ದಾಡಿಸಿ, ಕೊನೆಗೆ ಅರವತ್ತೆಂಟನೇ ನಂಬರಿನ ಕಾರಿಗೆ ಚಾಲಕನಾದವನು. ಗೆದ್ದದ್ದು ಕಡಿಮೆ, ಗೋಡೆಗೆ ಗುದ್ದಿದ್ದೇ ಹೆಚ್ಚು. ಆದರೂ ಆ ಕಾರಿನೊಳಗೆ ಅವನು ರಾಜ. ಯಾಕೆಂದರೆ ಕಿವಿಯೊಳಗಿನ ರೇಡಿಯೋದಲ್ಲಿ ಆರ್ಲಿ ಪ್ರಫಿಟ್ ಇರುತ್ತಿದ್ದ. ಆರ್ಲಿ ತಂಡದ ಮುಖ್ಯಸ್ಥ; ಕಾರು ಯಾವಾಗ ಟ್ರ್ಯಾಕು ಬಿಟ್ಟು ಒಳಗೆ ಬರಬೇಕು, ಯಾವಾಗ ಟೈರು ಬದಲಾಯಿಸಬೇಕು ಎಂಬುದೆಲ್ಲ ಅವನ ಬಾಯಲ್ಲಿ. ಮೂಗಿನ ಮೇಲೇ ಸಿಟ್ಟು. ಆದರೆ ಡಾಯ್ಲ್‌ನನ್ನು ಕರೆಯುತ್ತಿದ್ದದ್ದು "ಮಗನೇ" ಎಂದು. ಡಾಯ್ಲ್‌ನ ಹೆತ್ತಪ್ಪ ಒಂದು ದಿನವೂ ಅವನನ್ನು ಹಾಗೆ ಕರೆದವನಲ್ಲ.

ಐದು ವರ್ಷದ ಹಿಂದೆ, ಇದೇ ಸ್ಯಾಂಡಿ ಫೋರ್ಕ್ ಟ್ರ್ಯಾಕಿನಲ್ಲಿ, ರೇಸು ಇನ್ನೇನು ಮುಗಿಯಬೇಕು ಎನ್ನುವಾಗ ಡಾಯ್ಲ್ ರೇಡಿಯೋದಲ್ಲಿ ಹೇಳಿದ: "ಆರ್ಲೀ, ಮುಂದುಗಡೆ ಏನೋ ನಡುಗ್ತಿದೆ ಕಣಯ್ಯಾ."

"ಏನಿಲ್ಲ, ಟೈರಿಗೆ ರಬ್ಬರ್ ಚೂರು ಅಂಟ್ಕೊಂಡಿರತ್ತೆ. ಹೊಡಿ ಮಗನೇ!"

ಹೊಡೆದ. ಮೂರನೇ ತಿರುವಿನಲ್ಲಿ ಬಲಗಡೆಯ ಮುಂದಿನ ಟೈರು ಒಡೆಯಿತು. ಕಾರು ನೆಟ್ಟಗೆ ಹೋಗಿ ಗೋಡೆಗೆ ಬಡಿಯಿತು, ಡಾಯ್ಲ್‌ನ ಸೊಂಟದ ಮೂಳೆ ಪುಡಿಯಾಯಿತು. ಇನ್ನು ರೇಸಿನ ಮಾತೇ ಇಲ್ಲ ಎಂದರು ಡಾಕ್ಟರು. ಆರ್ಲಿ ದಿನಾ ಬೇಯಿಸಿದ ಶೇಂಗಾದ ಪೊಟ್ಟಣ ಹಿಡಿದುಕೊಂಡು ಆಸ್ಪತ್ರೆಗೆ ಬಂದು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಟೈರಿನ ಮಾತನ್ನು ಅವನು ಎತ್ತಲಿಲ್ಲ, ಇವನೂ ಎತ್ತಲಿಲ್ಲ. "ಆರಾಮಾಗು ಮಗನೇ" ಎಂದು ಹೇಳಿ ಎದ್ದು ಹೋಗುತ್ತಿದ್ದ. ಆ ಒಂದು ಮಾತಿಗಾಗಿ ಡಾಯ್ಲ್ ಎಲ್ಲವನ್ನೂ ಮಾಫಿ ಮಾಡಿದ್ದ.

ಆಮೇಲೆ ಟಿವಿಯವರು ಕರೆದರು. ಕೋಟು, ಟೈ, ಮುಖಕ್ಕೆ ಪೌಡರು. ಸಂಬಳ ಚೆನ್ನಾಗಿತ್ತು, ಹೆಸರೂ ಬಂತು. ಗಾಜಿನ ಕೋಣೆಯಲ್ಲಿ ಕೂತು ಕೆಳಗೆ ತಿರುಗುವ ಕಾರುಗಳನ್ನು ನೋಡುವಾಗ ಅವನ ಬಲಗಾಲು ಮೇಜಿನಡಿ ತನ್ನಷ್ಟಕ್ಕೇ ನೆಲವನ್ನು ಒತ್ತುತ್ತಿತ್ತು.

ಈ ವರ್ಷ ಅರವತ್ತೆಂಟಕ್ಕೆ ಹೊಸ ಹುಡುಗ ಬಂದ. ಹೆಸರು ಟ್ರೇಸ್ ಲೆಡ್‌ಬೆಟರ್. ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಡಾಯ್ಲ್ ತಂಡದ ಗ್ಯಾರೇಜಿಗೆ ಹೋದಾಗ ಆರ್ಲಿ ಹಿಗ್ಗಿನಿಂದ ಕಾರಿನೊಳಗೆ ಕೈ ತೋರಿಸಿದ.

"ನೋಡೋ, ಸೀಟು! ಇವನಿಗೆ ಹೊಸದಾಗಿ ಮೈ ಅಳತೆ ತಗೊಂಡು ಅಚ್ಚು ಹೊಯ್ಯೋಣ ಅಂತಿದ್ದೆ. ನಿನ್ನ ಹಳೇ ಅಚ್ಚೇ ಹೇಳಿ ಮಾಡಿಸ್ದಂಗೆ ಕೂತ್ಕೊಳ್ತು ಮಾರಾಯಾ! ಒಂಚೂರೂ ಕೆತ್ತಲಿಲ್ಲ."

"ಒಳ್ಳೇದಾಯ್ತು" ಎಂದ ಡಾಯ್ಲ್, ಮುಖದ ಮೇಲೆ ಟಿವಿಯ ನಗು ತಂದುಕೊಂಡು. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ತನ್ನ ಬೆನ್ನು, ತನ್ನ ಪಕ್ಕೆಲುಬು, ತನ್ನ ತೊಡೆಯ ಗುರುತು. ಅದರಲ್ಲಿ ಬೇರೆಯವನು ಕೂರುವುದೆಂದರೇನು! ಮನೆಗೆ ಬಂದು ಊಟ ಬಿಟ್ಟು ಎದ್ದ.

"ಅದೊಂದು ಸೀಟು ಕಣ್ರೀ, ಹೆಂಡ್ತಿ ಅಲ್ಲ" ಎಂದಳು ನೋರೀನ್.

"ನಿಂಗೆ ತಿಳಿಯಲ್ಲ, ಸುಮ್ನಿರು."

"ನಂಗೆ ತಿಳಿಯಲ್ವಾ? ಈ ಮನೇಲಿ ಆ ಕಾರಿನ ಜೊತೆ ಸವತಿ ಥರ ಬಾಳಿದೋಳು ನಾನು!"

ಸ್ಯಾಂಡಿ ಫೋರ್ಕ್ ರೇಸಿನ ಭಾನುವಾರ ಬಂತು. ಟ್ರೇಸ್ ಮೊದಲಿಂದಲೂ ಮುಂದಿದ್ದ. ಡಾಯ್ಲ್ ಎಂದೂ ಈ ತವರು ಟ್ರ್ಯಾಕಿನಲ್ಲಿ ಗೆದ್ದಿರಲಿಲ್ಲ. ಈ ಹುಡುಗ ಮೊದಲ ಸಲಕ್ಕೇ ಗೆಲ್ಲುವ ಹಾಗಿದ್ದ. ಪಕ್ಕದಲ್ಲಿ ಕೂತ ಜೊತೆ ವಿವರಣೆಗಾರ ಪ್ರೆಸ್ಟನ್ ಹುಡುಗನನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದ. ಟಿವಿಯವರಿಗೆ ತಂಡಗಳ ರೇಡಿಯೋ ಮಾತು ಕೇಳುವ ಅನುಕೂಲ ಇರುತ್ತದೆ. ಕೊನೆಯ ಸುತ್ತುಗಳು ಬಾಕಿ ಇರುವಾಗ ಡಾಯ್ಲ್‌ನ ಕಿವಿಯಲ್ಲಿ ಹುಡುಗನ ಧ್ವನಿ ಬಂತು.

"ಆರ್ಲಿ ಸರ್, ಮುಂದುಗಡೆ ಸ್ವಲ್ಪ ನಡುಗ್ದಂಗಿದೆ."

"ಏನಿಲ್ಲ, ರಬ್ಬರ್ ಚೂರು. ಹೊಡಿ ಮಗನೇ!"

ಮಗನೇ! ಡಾಯ್ಲ್‌ನ ಮೈಯೆಲ್ಲ ಉರಿಯಿತು. ಪರದೆಯ ಮೇಲೆ ಅರವತ್ತೆಂಟು ಮೂರನೇ ತಿರುವಿಗೆ ಇಳಿಯುತ್ತಿತ್ತು. ಬಲಗಡೆಯ ಮುಂದಿನ ಟೈರು ಅದುರಿದ ಹಾಗೆ ಅವನಿಗೆ ಕಂಡಿತು. ಕಂಡಿತು ಎಂದೇ ಅನ್ನಿಸಿತು. ಮೈಕಿನಲ್ಲಿ ಹೇಳಿಬಿಟ್ಟ:

"ಆ ಟೈರು ಹೋಗ್ತಿದೆ! ಬಲಗಡೆ ಮುಂದಿನದು. ನಂದು ಹಿಂಗೇ ಹೋಗಿದ್ದು, ಇದೇ ಜಾಗದಲ್ಲಿ. ಅವತ್ತೂ ರಬ್ಬರ್ ಚೂರು ಅಂದಿದ್ರು."

ಟ್ರ್ಯಾಕಿನ ಪಕ್ಕದ ಕಟ್ಟೆಯ ಮೇಲೆ ಪ್ರತಿ ತಂಡವೂ ಟಿವಿ ಹಾಕಿಕೊಂಡೇ ಕೂರುತ್ತದೆ. ಅದು ಡಾಯ್ಲ್‌ಗೆ ಗೊತ್ತಿಲ್ಲದ್ದೇನಲ್ಲ.  ರೇಡಿಯೋದಲ್ಲಿ ಆರ್ಲಿಯ ಒಡೆದ ಧ್ವನಿ ಬಂತು: "ಒಳಗೆ ಬಾ. ಈಗ್ಲೇ ಬಾ. ರೇಸ್ ಹಾಳಾಗ್ಲಿ, ಬಂದ್ಬಿಡು ಮಗನೇ!"

ಕಾರು ಒಳಗೆ ಬಂತು. ಟೈರು ಬದಲಾಯಿಸುವಷ್ಟರಲ್ಲಿ ಹಿಂದಿದ್ದವರೆಲ್ಲ ಭರ್ರನೆ ಮುಂದೆ ಹೋದರು. ಯಾರೋ ಗೆದ್ದರು. "ಡಾಯ್ಲ್, ಇವತ್ತು ನೀವು ಒಂದು ಪ್ರಾಣ ಉಳಿಸಿದ್ರಿ!" ಎಂದು ಪ್ರೆಸ್ಟನ್ ದೇಶಕ್ಕೆಲ್ಲ ಕೇಳುವಂತೆ ಕೂಗಿದ. ಡಾಯ್ಲ್‌ಗೆ ಮೊದಲು ಆದದ್ದು ಸಂತೋಷ. ಹುಡುಗ ಗೆಲ್ಲಲಿಲ್ಲ ಎಂಬ ಸಂತೋಷ.

ಸಂಜೆ ಗ್ಯಾರೇಜಿನಲ್ಲಿ ಆರ್ಲಿ ಬಕೆಟ್ ಮಗುಚಿ ಅದರ ಮೇಲೆ ಕೂತಿದ್ದ. ಎದುರಿಗೆ ಆ ಟೈರು.

"ಬಾ, ನೋಡು" ಎಂದ.

ಡಾಯ್ಲ್ ಸೊಂಟ ಹಿಡಿದುಕೊಂಡು ಮಂಡಿಯೂರಿದ. ಟೈರಿನ ಸುತ್ತ ಬೆರಳಾಡಿಸಿದ. ಒಂದು ಸೀಳು, ಒಂದು ಉಬ್ಬು, ಹೊರಗೆ ಬಂದ ಒಂದೇ ಒಂದು ನೂಲು ಸಿಕ್ಕರೆ ಸಾಕಿತ್ತು. ದೇವರೇ, ಏನಾದರೂ ಇರಲಿ ಎಂದು ಇನ್ನೊಂದು ಸುತ್ತು ಹುಡುಕಿದ. ರಬ್ಬರಿನ ಚೂರೊಂದು ಅಂಟಿಕೊಂಡಿತ್ತು. ಅಷ್ಟೇ.

"ನಂಗೆ ಕಂಡಿದ್ದು ಹೇಳ್ದೆ, ಆರ್ಲಿ."

"ಏನ್ ಕಂಡಿದ್ದು ನಿಂಗೆ?"

ಡಾಯ್ಲ್ ಮತ್ತೆ ಟೈರಿನ ಮೇಲೆ ಕೈಯಾಡಿಸಿದ. ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ.

"ಬೇರೆ ಯಾರ್ ಬೊಬ್ಬೆ ಹೊಡ್ದಿದ್ರೂ ನಾನು ಅವನ್ನ ಒಳಗೆ ಕರೀತಿರ್ಲಿಲ್ಲ" ಎಂದ ಆರ್ಲಿ. "ನೀನ್ ಹೇಳಿದ್ಯಲ್ಲ, ಅವತ್ತಿನ ಮಾತು ತೆಗ್ದು."

ಅಷ್ಟರಲ್ಲಿ ಟ್ರೇಸ್ ಒಳಗೆ ಬಂದ. ಬೆವರಿನ ಕೂದಲು, ಕೆಂಪಾದ ಕಣ್ಣು. ಡಾಯ್ಲ್ ಎದ್ದು ನಿಲ್ಲುತ್ತಿದ್ದಂತೆ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಸರ್, ಅಮ್ಮ ಫೋನಲ್ಲಿ ಅಳ್ತಿದ್ಲು. ನಿಮಗೆ ಪೀಚ್ ಹಣ್ಣಿನ ಪಾಯ್ ಮಾಡಿ ಕಳಿಸ್ತಾಳಂತೆ. ನಾನ್ ನಡುಗ್ತಿದೆ ಅಂದಾಗ ನೀವೊಬ್ರೇ ನಂಬಿದ್ದು." ಆಮೇಲೆ ಆರ್ಲಿಯ ಕಡೆ ತಿರುಗಿದ. "ಟೈರು ಪೂರ್ತಿ ಹೋಗಿತ್ತಾ ಸರ್?"

ಆರ್ಲಿ ಡಾಯ್ಲ್‌ನ ಮುಖ ನೋಡಿದ. ಹೇಳಲಿ ಎಂದು ಕಾದ. ಡಾಯ್ಲ್ ತನ್ನ ಬೂಟು ನೋಡುತ್ತ ನಿಂತ.

"ಹೋಗಿತ್ತು ಮಗನೇ" ಎಂದ ಆರ್ಲಿ ಕೊನೆಗೆ, ಟೈರನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತ. "ಇನ್ನೊಂದು ಸುತ್ತು ತಡೀತಿರ್ಲಿಲ್ಲ. ಹೋಗು, ಸ್ನಾನ ಮಾಡು."

ಹುಡುಗ ಹೋದ. ಹೋಗುವಾಗಲೂ ತಿರುಗಿ ಡಾಯ್ಲ್‌ಗೆ ಕೈ ಬೀಸಿದ. ಆ ಹುಡುಗನ ತಿಳಿಯಾದ ಮನಸ್ಸಿನ ಮೇಲೂ ಡಾಯ್ಲ್‌ಗೆ ಹೊಟ್ಟೆ ಉರಿಯಿತು.

"ಆರ್ಲೀ..." ಎಂದ.

ಆರ್ಲಿ ಎದ್ದು ಟೋಪಿ ತಲೆಗಿಟ್ಟುಕೊಂಡ. ಟಿವಿಯ ಗಾಜಿನ ಕೋಣೆಯವರಿಗೆಲ್ಲ ಕೊಡುವ ಮರ್ಯಾದೆಯನ್ನೇ ಕೊಟ್ಟು ಬಾಗಿಲು ತೋರಿಸಿದ.

"ಹೊತ್ತಾಯ್ತು, ಹೊರಡಿ ಹಗಿನ್ಸ್ ಅವ್ರೇ. ಮನೇಲಿ ಕಾಯ್ತಿರ್ತಾರೆ."