ಚಿಕ್ಕಮ್ಮನ ತಟ್ಟೆ

ಇವತ್ತು ಸ್ಟಾಫ್ ರೂಮಿನಲ್ಲಿ ಯಾರೋ ಕಿತ್ತಳೆ ಸುಲಿದರು. ನಮ್ಮ ಮಾದಾಪುರದ ಕಡೆ ಈಗ ಊರ ಕಿತ್ತಳೆ ಸಿಗುವುದೇ ಅಪರೂಪ. ಹಾಗಾಗಿ ಮೇಷ್ಟ್ರುಗಳೆಲ್ಲ ಮಕ್ಕಳ ಹಾಗೆ ಸುತ್ತ ಸೇರಿ ಒಂದೊಂದು ತೊಳೆ ಕಿತ್ತುಕೊಂಡರು. ನಾನು ಮಾತ್ರ ಸಿಪ್ಪೆ ಮೂಸುತ್ತಾ ಕುಳಿತೆ. ನಗಬೇಡಿ. ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನ ಜೀವ ಹಿಡಿದಿಟ್ಟದ್ದು ಕಿತ್ತಳೆ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಇಷ್ಟೇ. ತಾನೇ ಸುಲಿದು ತಿನ್ನಬಹುದು, ಒಳಗೆ ಯಾರೂ ಏನೂ ಬೆರೆಸಲಾರರು. ಉಳಿದ ಎಲ್ಲದರಲ್ಲೂ ವಿಷವಿದೆ ಎಂದು ಒಂದು ದನಿ ಅವರಿಗೆ ಹೇಳುತ್ತಿತ್ತು.

ಚಿಕ್ಕಮ್ಮ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಾವೆಲ್ಲ ಒಂದೇ ಮನೆಯಲ್ಲಿರುವವರು. ಸಾಕು ಎಂದರೂ ಕೇಳದೆ ಬಡಿಸುವ ಕೈ ಅವರದು. ಚಿಕ್ಕಪ್ಪ ಒಂದು ಮಧ್ಯಾಹ್ನ ತೋಟದಿಂದ ಬಂದು, ಊಟ ಮಾಡಿ, ಜಗಲಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಕೆಲವು ತಿಂಗಳಲ್ಲೇ ಚಿಕ್ಕಮ್ಮನಿಗೆ ದನಿ ಕೇಳಿಸತೊಡಗಿತು.

ಕಾಯಿಲೆ ಎಂದು ನಮಗೆ ಹೊಳೆಯಲಿಲ್ಲ ಎನ್ನುವುದಕ್ಕಿಂತ, ಬೇರೆಯದೇ ಹೊಳೆಯಿತು ಎನ್ನುವುದು ಸರಿ. ನಮ್ಮಲ್ಲಿ ತೀರಿಹೋದ ಹಿರಿಯರು, ಅಂದರೆ ಕಾರಣರು, ಪೂರ್ತಿ ಹೋಗಿಬಿಡುವುದಿಲ್ಲ. ವರ್ಷಕ್ಕೊಮ್ಮೆ ಅವರಿಗೆ ಎಲೆ ಹಾಕಿ ಕೋಳಿ, ಹಂದಿ, ರೊಟ್ಟಿ ಬಡಿಸಿ, ಪಕ್ಕದಲ್ಲಿ ಒಂದು ಲೋಟ ಬ್ರಾಂದಿ ಇಡುತ್ತೇವೆ. ಮೈಮೇಲೆ ಬಂದು ಅವರು ನಮ್ಮನ್ನು ಬೈಯುವುದೂ ಉಂಟು. ಇಂಥ ಮನೆಯಲ್ಲಿ ಕಾಣದವರ ದನಿ ಕೇಳಿಸಿದರೆ ಯಾರು ಬೆಚ್ಚಿಬೀಳುತ್ತಾರೆ ಹೇಳಿ. ಯಾರೋ ಕಾರಣರಿಗೆ ಸರಿಯಾಗಿ ಬಡಿಸಿಲ್ಲ, ಅದಕ್ಕೇ ಮನೆಯವರಿಗೆ ಊಟ ಬೇಡ ಅನ್ನುತ್ತಿದ್ದಾರೆ ಎಂದು ಅಪ್ಪ ತೀರ್ಮಾನಿಸಿದರು. ವರ್ಷಕ್ಕೊಮ್ಮೆ ಇದ್ದ ಎಲೆ ವಾರವಾರ ಬೀಳತೊಡಗಿತು. ಸೋಮವಾರಪೇಟೆ ಕಡೆಯ ನೆಂಟರೊಬ್ಬರು ಬಂದು, ತಪ್ಪಿಸಿಕೊಂಡ ಕಡಸು ಎಲ್ಲಿದೆ ಎಂದು ಆ ದನಿಯನ್ನು ಕೇಳಿ ಹೇಳಲು ಚಿಕ್ಕಮ್ಮನಿಗೇ ಗಂಟುಬಿದ್ದರು. ಪಾಪ, ಚಿಕ್ಕಮ್ಮ ಪ್ರಯತ್ನವನ್ನೂ ಮಾಡಿದರು. ಅದು ದನಕರುಗಳ ವಿಷಯ ಮಾತಾಡುವುದಿಲ್ಲ ಎಂದು ಬೇಸರದಿಂದಲೇ ತಿಳಿಸಿದರು. ಈಗ ನೆನೆದು ನಗುತ್ತೇನೆ. ಆಗ ಅವರ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಹೀಗೇ ಆದರೆ ಈ ಜೀವ ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ನಾನೋ ಗಣಿತದ ಮೇಷ್ಟ್ರು, ಸಾಧಿಸಿ ತೋರಿಸದೆ ಬಿಡುವವನಲ್ಲ. ಅವರ ತಟ್ಟೆಯಿಂದಲೇ ತುತ್ತು ತೆಗೆದು ಅವರ ಎದುರಿಗೇ ತಿಂದೆ. ನೋಡಿ, ನನಗೇನಾಯಿತು ಎಂದೆ. ಚಿಕ್ಕಮ್ಮ ನನ್ನನ್ನು ಕನಿಕರದಿಂದ ನೋಡಿದರು.

"ನಿಂಗೇನೂ ಆಗಲ್ಲ ಮಗ. ಹಾಕಿರೋದು ನಂಗೆ."

ಆದರೂ ಸಾಧನೆ ಬಿಡದೆ ದಿನಾ ತಿಂದೆ. ಆ ಮಳೆಗಾಲದಲ್ಲಿ ಮನೆಯಲ್ಲಿ ದಪ್ಪಗಾದವನು ನಾನೊಬ್ಬನೇ.

ಕೊನೆಗೆ ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾತ್ರೆ ಭದ್ರವಾಗಿ ಮುಚ್ಚಿದ ಪಟ್ಟಿಯಲ್ಲಿರುತ್ತದೆ, ತಾನೇ ಒತ್ತಿ ತೆಗೆಯಬಹುದು. ಅದು ನಮ್ಮ ಪುಣ್ಯ, ಚಿಕ್ಕಮ್ಮ ಒಪ್ಪಿದರು. ಪಕ್ಕದ ಕೋಣೆಯಲ್ಲಿ ರೋಗಿಗಳನ್ನು ಕೂರಿಸಿ ಮಾತಾಡಿಸುವ ಮೇಡಂ, ಅಂದರೆ ಕೌನ್ಸೆಲರ್, ಒಬ್ಬರಿದ್ದರು, ನನ್ನ ಹಳೆಯ ವಿದ್ಯಾರ್ಥಿನಿಯಷ್ಟು ಚಿಕ್ಕ ವಯಸ್ಸು. ದನಿ ಸುಳ್ಳು ಎಂದು ಈಕೆ ಹೇಳುತ್ತಾರೆ, ನಾನು ಹೌದೆಂದು ತಲೆಯಾಡಿಸಬೇಕು ಎಂದು ಸಿದ್ಧನಾಗಿ ಕುಳಿತಿದ್ದೆ. ಅವರು ಸುಳ್ಳೆನ್ನಲಿಲ್ಲ, ನಿಜವೆಂದೂ ಅನ್ನಲಿಲ್ಲ. ಮನೆಗೆ ಬಂದ ಕಿರಿಕಿರಿಯ ನೆಂಟರ ಬಗ್ಗೆ ವಿಚಾರಿಸುವ ಹಾಗೆ, ಅದು ಯಾವಾಗ ಬರುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂದು ಕೇಳಿದರು. ಮಧ್ಯಾಹ್ನ ಬಡಿಸುವ ಹೊತ್ತಿಗೆ ಬರುತ್ತದಂತೆ. ಮೆಣಸು ಕೊಯ್ಯುವವರ ಜೊತೆ ಹರಟುವಾಗ ಇರುವುದಿಲ್ಲವಂತೆ. ನಾವು ಯಾರೂ ಇದನ್ನು ಕೇಳಿರಲೇ ಇಲ್ಲ.

"ಆ ದನಿಗೆ ಯಾವುದರ ಭಯ ಇರಬಹುದಮ್ಮ?" ಎಂದರು ಮೇಡಂ.

ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಅವರು ಹೋದ ದಿನ ಬಂದವರೆಲ್ಲ ಒಂದೇ ಕೇಳಿದ್ರು. ಏನು ತಿಂದಿದ್ರು ಅಂತ. ಬಡಿಸಿದ್ದು ನಾನಲ್ವಾ."

ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂದು ತಿಳಿಯದೆ ಜನ ಕೇಳುವ ಪ್ರಶ್ನೆ ಅದು. ಕೇಳಿದವರು ಗೇಟು ದಾಟುವಷ್ಟರಲ್ಲಿ ಮರೆತಿದ್ದರು. ಅದು ಈ ಹೆಂಗಸಿನೊಳಗೆ ಉಳಿದು, ಬೆಳೆದು, ತಟ್ಟೆಯ ಮುಂದೆ ಬಂದು ನಿಲ್ಲುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಅಪ್ಪ, ಯಾವತ್ತೂ ಚಿಕ್ಕಮ್ಮನ ಜೊತೆ ಹೆಚ್ಚು ಮಾತಾಡದವರು, ಒಳಗೆ ಬಂದರು.

"ಅವತ್ತು ಅದೇ ಪಾತ್ರೆಯಿಂದ ನಾನೂ ಉಂಡೆ ಕಣಮ್ಮ. ಎರಡು ಸಲ ಹಾಕಿಸ್ಕೊಂಡೆ. ಚೆನ್ನಾಗಿತ್ತು. ಹೇಳ್ಬೇಕಿತ್ತು, ಹೇಳ್ಲಿಲ್ಲ."

ಚಿಕ್ಕಮ್ಮ ಆ ದಿನ ಅತ್ತರು. ಚಿಕ್ಕಪ್ಪ ಹೋದಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿಗೆ ದನಿ ನಿಂತುಹೋಯಿತೆಂದು ತಿಳಿಯಬೇಡಿ. ಅಷ್ಟು ಸಲೀಸಾಗಿದ್ದರೆ ಮಾತ್ರೆಯೇಕೆ, ಮೇಡಂ ಏಕೆ. ತಿಂಗಳುಗಟ್ಟಲೆ ಬಸ್ಸಿನಲ್ಲಿ ಓಡಾಡಿದೆವು. ಮೊದಲು ಬೇರೆಯವರು ಸುಲಿದ ಮೊಟ್ಟೆ. ಆಮೇಲೆ ತಾನೇ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ನಮ್ಮ ಕಡಂಬಿಟ್ಟು. ಆಮೇಲೆ ನನ್ನ ಅಮ್ಮ ಮಾಡಿದ್ದರಲ್ಲಿ ಒಂದೇ ಒಂದು ಉಂಡೆ. ಮೇಡಂ ಹಾಕಿಕೊಟ್ಟ ನಿಯಮದಂತೆ, ತಿನ್ನುವ ಮೊದಲು, ದನಿಯ ಪ್ರಕಾರ ಏನಾಗಬೇಕು ಎಂದು ಚಿಕ್ಕಮ್ಮ ಹೇಳಬೇಕು. ಸಂಜೆಗೆ, ಏನಾಯಿತು ಎಂದು ಅವರೇ ಹೇಳಬೇಕು. ನಾನು ಬಾಯಿ ಹಾಕುವಂತಿಲ್ಲ, ನನ್ನ ಪಾಲಿಗೆ ಅದೇ ದೊಡ್ಡ ಶಿಕ್ಷೆ. ವಾರವಾರದ ಎಲೆಯನ್ನು ಅಪ್ಪ ತಾವಾಗಿಯೇ ನಿಲ್ಲಿಸಿದರು. ಮನೆಯವರಿಗೆ ಊಟ ಬೇಡ ಅನ್ನುವವರು ನಮ್ಮ ಹಿರಿಯರೇ ಅಲ್ಲ ಎಂದು ನೆಂಟರಿಗೆ ಹೇಳಿಯೂ ಕಳಿಸಿದರು.

ಇವತ್ತು ಶಾಲೆ ಮುಗಿಸಿ ಬಂದಾಗ ಮನೆ ತುಂಬ ಹಂದಿ ಸಾರಿನ ಘಮ. ಬಡಿಸಿ, ಚಿಕ್ಕಮ್ಮನೂ ನಮ್ಮ ಜೊತೆಯೇ ಕುಳಿತರು. ನನ್ನ ಕಣ್ಣು ಅಭ್ಯಾಸಬಲದಿಂದ ಅವರ ಕೈಯ ಹಿಂದೆಯೇ ಓಡುತ್ತಿತ್ತು. ಅವರಿಗೆ ಗೊತ್ತಾಯಿತು.

"ನನ್ನ ತಟ್ಟೆ ಕಾಯೋದು ಬಿಡು ಮಗ. ಅದು ಇವತ್ತೂ ಬಂದಿತ್ತು. ಊಟ ಆಗ್ಲಿ, ಆಮೇಲೆ ಮಾತಾಡುವ ಅಂದೆ."

ಅಪ್ಪ ನಕ್ಕರು. ನಾನು ನನ್ನ ತಟ್ಟೆಗೆ ತಲೆ ತಗ್ಗಿಸಿದೆ. ಸಾರು ಚೆನ್ನಾಗಿತ್ತು, ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದೆ, ಇನ್ನೂ ಸ್ವಲ್ಪ ಹಾಕಿಸಿಕೊಂಡೆ. ಚಿಕ್ಕಮ್ಮ ಇವತ್ತು ಎಷ್ಟು ಉಂಡರೋ, ನಾನು ನೋಡಲಿಲ್ಲ.